ಟಿ-34/85ರ ಒಳಮೈ: ಯಾವ ಜಾಗಕ್ಕೆ ಯಾವ ಬಣ್ಣ, ಯಾವ ಸವೆತ

ಟ್ಯಾಂಕ್ ಮಾದರಿಗಳನ್ನು ಕಟ್ಟುವ ಹವ್ಯಾಸಿಗಳಲ್ಲಿ ಹೆಚ್ಚಿನವರು ಹೊರಮೈಯ ಬಣ್ಣದಲ್ಲಿ ಕೈ ಪಳಗಿದ ಮೇಲೆಯೇ ಒಳಾಂಗಣವಿರುವ ಕಿಟ್ಟಿಗೆ ಕೈ ಹಾಕುತ್ತಾರೆ. ಹೊರಗೆ ಕಲಿತ ವಿಧಾನಗಳನ್ನೇ ಆಗ ಒಳಕ್ಕೂ ಒಯ್ಯುವುದು ಸಹಜ. ತುಕ್ಕಿನ ಗೆರೆಗಳು, ಮಳೆನೀರು ಇಳಿದ ಕಲೆಗಳು, ಬಿಸಿಲಿಗೆ ಮಾಸಿದ ಬಣ್ಣ, ಮೂಲೆಮೂಲೆಗೂ ಎದ್ದ ಹಕ್ಕಳೆ ಇವೆಲ್ಲ ಬಿಳಿಯ ಗೋಡೆಯ ಮೇಲೆ ಬಂದು ಕೂರುತ್ತವೆ. ಮಾಡಿದವರ ಶ್ರಮವೇನೋ ಎದ್ದು ಕಾಣುತ್ತದೆ, ಆದರೆ ಕೆಲವೇ ತಿಂಗಳ ಹಿಂದೆ ಕಾರ್ಖಾನೆಯಿಂದ ಹೊರಟು ಐದು ಜನ ಹಗಲಿರುಳು ದುಡಿಯುತ್ತಿರುವ ಟ್ಯಾಂಕಿನ ಜಾಗದಲ್ಲಿ ಇಪ್ಪತ್ತು ವರ್ಷ ಬಯಲಲ್ಲಿ ಬಿದ್ದಿದ್ದ ಗುಜರಿ ಸಾಮಾನು ನಿಂತಂತಾಗುತ್ತದೆ. ಬಳಕೆಯಲ್ಲಿರುವ ಟ್ಯಾಂಕಿನ ಒಳಗೆ ಮಳೆ ಬಿಸಿಲುಗಳ ಕೆಲಸ ಬಹಳ ಕಡಿಮೆ. ಅಲ್ಲಿ ಬಣ್ಣವನ್ನು ಸವೆಸುವುದು ಬೂಟು, ಅಂಗೈ, ಎಣ್ಣೆ, ಮದ್ದಿನ ಹೊಗೆ ಮತ್ತು ಎತ್ತಿ ಇಳಿಸುವ ಗುಂಡುಗಳು. ಬಣ್ಣದ ಜಾತಿ, ಸವೆತದ ವಿಧಾನ, ಕೊನೆಯ ಹೊಳಪು ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದನ್ನು ನಾನು ಈ ಒಂದು ಸಂಗತಿಯನ್ನು ಮುಂದಿಟ್ಟುಕೊಂಡೇ ತೀರ್ಮಾನಿಸುತ್ತೇನೆ.

ಹೋಲಿಕೆಗೆ ಆಧಾರವಾಗಿ 1:35 ಅಳತೆಯ ಟಿ-34/85 ಟ್ಯಾಂಕನ್ನು ಇಟ್ಟುಕೊಂಡಿದ್ದೇನೆ. 1944ರಿಂದ ಯುದ್ಧರಂಗಕ್ಕಿಳಿದ ಈ ಸೋವಿಯತ್ ಟ್ಯಾಂಕಿನ ಒಳಾಂಗಣ ಸಮೇತದ ಕಿಟ್ಟನ್ನು ಕೀವ್‌ನ ಮಿನಿಆರ್ಟ್ ಸಂಸ್ಥೆ ಹೊರತಂದಿದೆ. ಒಳಮೈಯ ಬಣ್ಣವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಕಂಡಿಲ್ಲ. ಕಾರಣ ಅದರ ರಚನೆಯಲ್ಲಿದೆ. ಜರ್ಮನಿಯ ಟೈಗರ್ ಅಥವಾ ಅಮೆರಿಕದ ಶರ್ಮನ್ ಟ್ಯಾಂಕಿನಲ್ಲಿ ಗೋಪುರದೊಂದಿಗೇ ತಿರುಗುವ ನೆಲಹಾಸು ಇತ್ತು; ಟಿ-34ರಲ್ಲಿ ಅದಿರಲಿಲ್ಲ. ಗುಂಡುಗಳನ್ನು ತುಂಬಿದ ಪೆಟ್ಟಿಗೆಗಳೇ ನೆಲ, ಅವುಗಳ ಮೇಲೆ ರಬ್ಬರ್ ಹಾಸು. ಗುಂಡು ತುಂಬುವವನು ಅದರ ಮೇಲೆ ನಿಂತು, ಅದನ್ನೇ ಸರಿಸಿ, ಕೆಳಗಿನ ಪೆಟ್ಟಿಗೆಯಿಂದ 85 ಮಿ.ಮೀ. ಗುಂಡನ್ನು ಮೇಲೆತ್ತಬೇಕಾಗಿತ್ತು. ಯಾರ ಕಾಲು ಎಲ್ಲಿ ಬೀಳುತ್ತಿತ್ತು, ಯಾವ ಅಂಚಿಗೆ ಹಿತ್ತಾಳೆಯ ತೋಟಾ ತಾಗುತ್ತಿತ್ತು ಎಂಬುದನ್ನು ಇಲ್ಲಿ ಊಹಿಸುವುದು ಕಷ್ಟವಲ್ಲ.

ಮೊದಲು ಕಣ್ಣಿಗೆ ಬೀಳುವುದರ ಲೆಕ್ಕ

ಬಣ್ಣದ ಡಬ್ಬಿ ತೆರೆಯುವ ಮುನ್ನ ಆರಿಸಬೇಕಾದದ್ದು ಮಾದರಿಯನ್ನು ಹೇಗೆ ತೋರಿಸುತ್ತೀರಿ ಎಂಬುದನ್ನು. ಹ್ಯಾಚುಗಳನ್ನಷ್ಟೇ, ಅಂದರೆ ಒಳಗಿನವರು ಹತ್ತಿಳಿಯುವ ಕಿಂಡಿಬಾಗಿಲುಗಳನ್ನಷ್ಟೇ, ತೆರೆದಿಡುವುದು ಒಂದು ದಾರಿ. ಗೋಪುರವನ್ನು ಎತ್ತಿ ತೆಗೆಯುವಂತೆ ಬಿಡುವುದು ಎರಡನೆಯದು. ಪಕ್ಕದ ಗೋಡೆಯನ್ನೇ ಕತ್ತರಿಸಿ, ವಸ್ತುಸಂಗ್ರಹಾಲಯದ ಸೀಳುನೋಟದಂತೆ ಇಡುವುದು ಮೂರನೆಯದು. ಗೋಪುರದ ಉಂಗುರದ ವ್ಯಾಸ ನಿಜದ ಟ್ಯಾಂಕಿನಲ್ಲಿ 1600 ಮಿ.ಮೀ.; ನಮ್ಮ ಅಳತೆಯಲ್ಲಿ ಅದು ಸುಮಾರು 46 ಮಿ.ಮೀ. ಆಗುತ್ತದೆ. ಈ ಕಿಂಡಿಯಿಂದ ನೆಲದ ಪೆಟ್ಟಿಗೆಗಳು, ಸೀಟುಗಳು, ಪಕ್ಕದ ಗೋಡೆಯ ಮೇಲ್ಭಾಗ ಚೆನ್ನಾಗಿ ಕಾಣುತ್ತವೆ. ಹ್ಯಾಚಿನ ಬಾಯಿಯಾದರೋ ಎರಡು ಸೆಂಟಿಮೀಟರಿಗೂ ಕಡಿಮೆ. ಅದರೊಳಗೆ ಬೆಳಕು ಇಳಿಯುವುದೇ ಸ್ವಲ್ಪ. ಕಮಾಂಡರನ ಸೀಟು, ತೋಪಿನ ಹಿಂಭಾಗ ಮತ್ತು ರೇಡಿಯೋದ ಒಂದು ಮೂಲೆ ಕಂಡರೆ ಹೆಚ್ಚು.

ಹ್ಯಾಚುಗಳನ್ನಷ್ಟೇ ತೆರೆದಿಡುವವರು ಕಣ್ಣಿಗೆ ಬೀಳುವ ಭಾಗಗಳಿಗೆ ತುಸು ಹೆಚ್ಚಿನ ಬಿಳುಪು, ತುಸು ಹೆಚ್ಚಿನ ಕಪ್ಪು ಕೊಟ್ಟು ವ್ಯತ್ಯಾಸವನ್ನು ಎತ್ತಿ ಹಿಡಿಯಬೇಕು, ಇಲ್ಲವಾದರೆ ಅರೆಗತ್ತಲೆಯಲ್ಲಿ ಎಲ್ಲವೂ ಒಂದೇ ಬೂದು ಮುದ್ದೆಯಾಗುತ್ತದೆ. ಸೀಳುನೋಟಕ್ಕೆ ಇದು ತದ್ವಿರುದ್ಧ. ಅಲ್ಲಿ ದೀಪದ ಬೆಳಕು ನೇರವಾಗಿ ಬೀಳುವುದರಿಂದ ಕೈ ಬಿಗಿಹಿಡಿಯಬೇಕು. ಒಬ್ಬರು ಸೀಳುನೋಟಕ್ಕಾಗಿ ಮಾಡಿದ ಹದವನ್ನು ಚಿತ್ರದಲ್ಲಿ ನೋಡಿ, ಅದನ್ನೇ ಮುಚ್ಚಿದ ಟ್ಯಾಂಕಿಗೆ ಅನುಸರಿಸಿದರೆ ನಿರಾಸೆಯಾಗುವುದು ಇದೇ ಕಾರಣಕ್ಕೆ.

ಬಿಡಿಭಾಗಗಳನ್ನೆಲ್ಲ ಅಂಟಿಸಿ ಆಮೇಲೆ ಬಣ್ಣ ಹಚ್ಚಬೇಕೆ, ಬಿಡಿಬಿಡಿಯಾಗಿ ಹಚ್ಚಿ ಆಮೇಲೆ ಅಂಟಿಸಬೇಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಂದಲೇ ಸಿಗುತ್ತದೆ. ನಾನು ಒಳಾಂಗಣವನ್ನು ಬಣ್ಣದ ಪ್ರಕಾರ ಗುಂಪು ಮಾಡುತ್ತೇನೆ. ಬಿಳಿಯಾಗಿರುವ ಗೋಡೆ, ಅದಕ್ಕೆ ಬೆಸೆದಂತಿರುವ ಬ್ರಾಕೆಟ್ಟುಗಳು, ಗಾಲಿಯ ಸುರುಳಿ ಸ್ಪ್ರಿಂಗುಗಳನ್ನು ಮುಚ್ಚುವ ಓರೆಯಾದ ಪೆಟ್ಟಿಗೆಗಳು ಇಷ್ಟನ್ನು ಮೊದಲೇ ಅಂಟಿಸುತ್ತೇನೆ. ಸೀಟು, ಗುಂಡು, ಡಿಟಿ ಬಂದೂಕಿನ ತಟ್ಟೆಯಾಕಾರದ ಮ್ಯಾಗಜೀನುಗಳು, ಚಾಲಕನ ಮುಂದಿರುವ ಗಾಳಿಯ ಸಿಲಿಂಡರುಗಳು ಮತ್ತು ರೇಡಿಯೋವನ್ನು ಹೊರಗೇ ಬಣ್ಣ ಹಚ್ಚಿ, ಗೋಡೆಯ ಕೊಳೆಯ ಕೆಲಸ ಮುಗಿದ ಮೇಲೆ ಕೂರಿಸುತ್ತೇನೆ. ಹೀಗೆ ಮಾಡುವಾಗ ಅಂಟು ಹಿಡಿಯುವ ಜಾಗಗಳಿಗೆ ಮರೆಯದೆ ಮರೆಟೇಪು ಹಾಕಬೇಕು, ಏಕೆಂದರೆ ಪ್ಲಾಸ್ಟಿಕ್ ಸಿಮೆಂಟು ಬಣ್ಣದ ಮೇಲೆ ಸರಿಯಾಗಿ ಹಿಡಿಯುವುದಿಲ್ಲ.

ಬಿಳಿ, ಕೆನೆ, ಹಸಿರು

ಬಣ್ಣ ಯಾವುದು ಎಂಬುದನ್ನು ಟ್ಯಾಂಕಿನ ದೇಶ ಹೇಳುತ್ತದೆ. ಜರ್ಮನ್ ಟೈಗರ್‌ನ ಹೋರಾಟದ ಕೋಣೆಯ ಮೇಲ್ಭಾಗಕ್ಕೆ ಆರ್‌ಎಎಲ್ 1001 ಎಂಬ ಕೆನೆಬಣ್ಣ, ಕೆಳಭಾಗಕ್ಕೆ ಮತ್ತು ಎಂಜಿನ್ ಕೋಣೆಗೆ ಕೆಂಗಂದು ಪ್ರೈಮರ್. ಹ್ಯಾಚ್ ತೆರೆದಾಗ ಬಿಳಿ ಬಣ್ಣ ದೂರದಿಂದ ಶತ್ರುವಿನ ಕಣ್ಣಿಗೆ ಬೀಳಬಾರದೆಂದು ಅದರ ಒಳಮೈಗೆ ಹೊರಗಿನ ಬಣ್ಣವನ್ನೇ ಹಚ್ಚುತ್ತಿದ್ದರು. ಶರ್ಮನ್‌ನ ಒಳಗೆ ಬಿಳಿ, ಹ್ಯಾಚಿನ ಒಳಮೈಗೆ ಆಲಿವ್ ಹಸಿರು. ಮೇಲ್ಛಾವಣಿಯಿಲ್ಲದ ಎಂ3 ಹಾಫ್‌ಟ್ರ್ಯಾಕ್‌ನಂಥ ವಾಹನಕ್ಕೆ ಒಳಗೂ ಆಲಿವ್ ಹಸಿರೇ. ಟಿ-34/85ರ ಹೋರಾಟದ ಕೋಣೆ ಮತ್ತು ಗೋಪುರದ ಒಳಗೆ ಬಿಳಿ.

ಬಿಳಿ ಎಂದ ಮಾತ್ರಕ್ಕೆ ಡಬ್ಬಿಯ ಬಿಳಿಯನ್ನು ಹಾಗೆಯೇ ಬಳಿಯಬಾರದು. ಅಪ್ಪಟ ಬಿಳಿಯ ಮೇಲೆ ಇನ್ನೂ ಬೆಳ್ಳಗಿನದೇನನ್ನೂ ತೋರಿಸಲಾಗದು, ಹಾಗಾಗಿ ಅಂಚುಗಳನ್ನು ಎತ್ತಿ ತೋರಿಸುವ ಅವಕಾಶವೇ ಕೈತಪ್ಪುತ್ತದೆ. ಟಾಮಿಯಾ ಕಂಪನಿಯ ಎಕ್ಸ್‌ಎಫ್-2 ಬಿಳಿಗೆ ಎಕ್ಸ್‌ಎಫ್-55 ಡೆಕ್ ಟ್ಯಾನ್ ಅಥವಾ ಎಕ್ಸ್‌ಎಫ್-57 ಬಫ್ ಬಣ್ಣವನ್ನು ಹತ್ತಕ್ಕೆ ಒಂದು ಪಾಲಿನಷ್ಟು ಬೆರೆಸಿದರೆ ಹಾಲಿಗೆ ಹನಿ ಡಿಕಾಕ್ಷನ್ ಬಿದ್ದಂತೆ ಬಿಳಿಯ ತೀಕ್ಷ್ಣತೆ ಇಳಿಯುತ್ತದೆ. ಸೋವಿಯತ್ ಟ್ಯಾಂಕಿಗೆ ಇಷ್ಟು ಸಾಕು. ಇದೇ ಮಿಶ್ರಣದಲ್ಲಿ ಬಫ್ ಹೆಚ್ಚಾದರೆ ಅದು ಜರ್ಮನ್ ಟ್ಯಾಂಕಿನ ಕೆನೆಬಣ್ಣದ ಕಡೆಗೆ ಜಾರುತ್ತದೆ. ಬೆರೆಸುವ ತಾಪತ್ರಯ ಬೇಡವೆನ್ನುವವರಿಗೆ ವಲೆಹೋ ಕಂಪನಿಯ 70.918 ಐವರಿ ಇದೆ. ಕುಂಚದಲ್ಲಿ ಹಚ್ಚುವವರಿಗೆ ಅದು ಒಳ್ಳೆಯ ಆಯ್ಕೆ. ಎಂಜಿನ್ ಕೋಣೆಗೆ ನಾನು ಬಿಳಿ ಹಾಕುವುದಿಲ್ಲ. ವಿ-2 ಡೀಸೆಲ್ ಎಂಜಿನಿನ ಅಲ್ಯೂಮಿನಿಯಂ ಮೈ ಕೆಂಗಂದು ಪ್ರೈಮರಿನ ಹಿನ್ನೆಲೆಯಲ್ಲಿ ಚೆನ್ನಾಗಿ ಬಿಡಿಸಿ ಕಾಣುತ್ತದೆ.

ಬಣ್ಣದ ಜಾತಿ

ಲ್ಯಾಕರ್, ಟಾಮಿಯಾದಂಥ ಆಲ್ಕೋಹಾಲ್ ಆಧಾರಿತ ಅಕ್ರಿಲಿಕ್, ವಲೆಹೋದಂಥ ನೀರಿನ ಅಕ್ರಿಲಿಕ್, ಎನಾಮೆಲ್ ಎಂದು ನಮ್ಮ ಮುಂದೆ ನಾಲ್ಕು ಜಾತಿಗಳಿವೆ.

ಗಟ್ಟಿತನದಲ್ಲಿ ಲ್ಯಾಕರನ್ನು ಮೀರಿಸುವುದು ಬೇರೊಂದಿಲ್ಲ. ಪ್ಲಾಸ್ಟಿಕ್ಕನ್ನು ತುಸು ಕಚ್ಚಿಕೊಂಡು ಕೂರುವುದರಿಂದ ಆಮೇಲೆ ಅದರ ಮೇಲೆ ಎಣ್ಣೆಬಣ್ಣ, ಎನಾಮೆಲ್ ವಾಶ್ (ಥಿನ್ನರಿನಲ್ಲಿ ಬಹಳ ತೆಳು ಮಾಡಿ ಹರಿಸುವ ಬಣ್ಣ) ಯಾವುದನ್ನು ಹರಿಸಿದರೂ ಕದಲುವುದಿಲ್ಲ. ಆದರೆ ನಮ್ಮ ಮಳೆಗಾಲದಲ್ಲಿ ಅದು ಕೈಕೊಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಥಿನ್ನರ್ ಬೇಗ ಆವಿಯಾಗಿ ಮೇಲ್ಮೈ ತಣ್ಣಗಾಗಿ, ಅದರ ಮೇಲೆ ತೇವ ಕೂತು ಬೂಷ್ಟು ಹಿಡಿದಂಥ ಬಿಳಿಚು ಬರುತ್ತದೆ. ಕೆಂಗಂದು ಪ್ರೈಮರಿನ ಮೇಲೆ ಇದು ತಕ್ಷಣ ಕಾಣುತ್ತದೆ, ಬಿಳಿಯ ಮೇಲೆ ಕಾಣದೆ ಉಳಿದು ಆಮೇಲೆ ವಾಶ್ ಹಚ್ಚಿದಾಗ ಮಚ್ಚೆ ಮಚ್ಚೆಯಾಗಿ ಹೊರಬೀಳುತ್ತದೆ. ಮಂಗಳೂರು, ಕಾರವಾರದ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಕರನ್ನು ಬದಿಗಿಡುವುದೇ ಮೇಲು, ಇಲ್ಲವೇ ನಿಧಾನವಾಗಿ ಆರಿಸುವ ರಿಟಾರ್ಡರ್ ಇರುವ ಥಿನ್ನರ್ ಬಳಸಬೇಕು. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಅಗ್ಗವೆಂದು ಅದನ್ನೇ ಬೆರೆಸುವವರಿದ್ದಾರೆ. ಗಾಳಿಯ ಒತ್ತಡದಿಂದ ಬಣ್ಣ ಊದುವ ಏರ್‌ಬ್ರಷ್ಷನ್ನು ತೊಳೆಯಲು ಅದು ಧಾರಾಳವಾಗಿ ಸಾಕು, ಆದರೆ ಒಳಾಂಗಣದ ಕೂದಲೆಳೆಯಷ್ಟು ತೆಳುವಾದ ಹಿಡಿಕೆಗಳನ್ನು ಅದು ಮೆತ್ತಗೆ ಮಾಡಿಬಿಡುತ್ತದೆ. ಯಾವ ಲ್ಯಾಕರ್ ಬಳಸಿದರೂ ಕಿಟಕಿ ತೆರೆದು, ಆವಿಯನ್ನು ಸೋಸುವ ಮಾಸ್ಕ್ ಹಾಕಿಕೊಳ್ಳದೆ ಕೂರಬೇಡಿ.

ಆಲ್ಕೋಹಾಲ್ ಆಧಾರಿತ ಅಕ್ರಿಲಿಕ್ಕಿಗೆ ನನ್ನ ಮೊದಲ ಮತ. ಏರ್‌ಬ್ರಷ್ಷಿನಲ್ಲಿ ಸಲೀಸಾಗಿ ಹರಿಯುತ್ತದೆ, ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೆಳುವಾಗುತ್ತದೆ, ಮುಂದೆ ಹೇಳಲಿರುವ ಹೇರ್‌ಸ್ಪ್ರೇ ವಿಧಾನಕ್ಕೆ ಒಗ್ಗುತ್ತದೆ. ಕುಂಚದಲ್ಲಿ ಮಾತ್ರ ಅದನ್ನು ಹಚ್ಚಲು ಹೋಗಬೇಡಿ. ಎರಡನೆಯ ಲೇಪ ಮೊದಲನೆಯದನ್ನು ಕರಗಿಸಿ ಎಳೆಯುತ್ತದೆ. ಕುಂಚದವರಿಗೆ ವಲೆಹೋ ಜಾತಿಯ ನೀರಿನ ಅಕ್ರಿಲಿಕ್ಕೇ ಸರಿ. ತೆಳುವಾಗಿ ಮೂರು ನಾಲ್ಕು ಲೇಪ ಕೊಟ್ಟರೆ ಬಿಳಿ ಸಮನಾಗಿ ಕೂರುತ್ತದೆ. ವಾಸನೆಯಿಲ್ಲದ ಕಾರಣ ಚಿಕ್ಕ ಮಕ್ಕಳಿರುವ ಮನೆಯಲ್ಲೂ ಊಟದ ಮೇಜಿನ ಮೇಲೆ ಇದರಲ್ಲಿ ಕೆಲಸ ಮಾಡಬಹುದು. ಅದರ ದೌರ್ಬಲ್ಯವೆಂದರೆ ಹೊದಿಕೆಯಂಥ ಪದರ. ಉಗುರು ತಾಗಿದರೆ ಸಿಪ್ಪೆಯಂತೆ ಏಳುತ್ತದೆ, ಆದ್ದರಿಂದ ಕೆಳಗೆ ಪ್ರೈಮರ್ ಇರಲೇಬೇಕು.

ಎನಾಮೆಲನ್ನು ತಳಬಣ್ಣವಾಗಿ ನಾನು ಶಿಫಾರಸು ಮಾಡುವುದಿಲ್ಲ. ಆರಲು ಒಂದೆರಡು ದಿನ ಬೇಕು, ಆಮೇಲೆ ಮೇಲೆ ಹರಿಸುವ ವಾಶ್ ಕೂಡ ಅದೇ ಜಾತಿಯದಾದರೆ ಕೆಳಗಿನದು ಕರಗುತ್ತದೆ. ವಾಶ್ ರೂಪದಲ್ಲಿ ಅದಕ್ಕೆ ಸಮನಾದುದಿಲ್ಲ, ಆ ಮಾತು ಮುಂದೆ ಬರುತ್ತದೆ.

ಕುಂಚವೋ ಏರ್‌ಬ್ರಷ್ಷೋ

ಹೊರಮೈಗಾದರೆ ಈ ಪ್ರಶ್ನೆಗೆ ಉತ್ತರ ಏರ್‌ಬ್ರಷ್ ಎಂದು ಕಣ್ಣುಮುಚ್ಚಿ ಹೇಳಬಹುದು. ಒಳಗೆ ಅಷ್ಟು ನೇರವಿಲ್ಲ. ಟ್ಯಾಂಕಿನ ಹೊಟ್ಟೆ ಒಂದು ಡಬ್ಬಿ; ಅದರೊಳಗೆ ಊದಿದ ಗಾಳಿ ಮೂಲೆಗೆ ಬಡಿದು ತಿರುಗಿ ಬರುತ್ತದೆ, ಬರುವಾಗ ಅರ್ಧ ಒಣಗಿದ ಬಣ್ಣದ ಕಣಗಳನ್ನು ಹೊತ್ತು ತಂದು ಗೋಡೆಯ ಮೇಲೆ ಉದುರಿಸುತ್ತದೆ. ಬೆರಳಾಡಿಸಿದರೆ ಮರಳುಕಾಗದದಂತೆ ತರಿತರಿ. ಇದನ್ನು ತಪ್ಪಿಸಲು ಒತ್ತಡವನ್ನು ಇಳಿಸಬೇಕು, ಬಣ್ಣವನ್ನು ಇನ್ನಷ್ಟು ತೆಳು ಮಾಡಬೇಕು, ಮೂಲೆಗಳನ್ನು ಮೊದಲು ಮುಗಿಸಿ ಆಮೇಲೆ ಬಯಲಿಗೆ ಬರಬೇಕು. ಸಾಧ್ಯವಿದ್ದರೆ ಪಕ್ಕದ ಗೋಡೆಗಳನ್ನು ನೆಲಕ್ಕೆ ಅಂಟಿಸುವ ಮೊದಲೇ ಚಪ್ಪಟೆಯಾಗಿ ಮಲಗಿಸಿ ಬಣ್ಣ ಹಾಕುವುದು ಎಲ್ಲಕ್ಕಿಂತ ಉತ್ತಮ. ಈ ಕಿಟ್ಟಿನಲ್ಲಿ ಗೋಡೆಗಳು ಬೇರೆಯಾಗಿಯೇ ಬರುವುದು ದೊಡ್ಡ ಅನುಕೂಲ. ಸ್ಪ್ರೇ ಡಬ್ಬಿಯನ್ನು ಪ್ರೈಮರಿಗೆ, ಅದೂ ಮಲಗಿಸಿದ ಗೋಡೆಗಳಿಗೆ ಮಾತ್ರ ಮೀಸಲಿಡಿ.

ಏರ್‌ಬ್ರಷ್ ಇಲ್ಲದವರು ಒಳಾಂಗಣದ ಕಿಟ್ಟಿಗೆ ಹಿಂಜರಿಯಬೇಕಾಗಿಲ್ಲ. ನಿಜದ ಟಿ-34ರ ಒಳಮೈ ಅಂಥ ನುಣುಪಾದದ್ದೇನೂ ಆಗಿರಲಿಲ್ಲ. ಯುದ್ಧಕಾಲದ ಅವಸರದ ಕೆಲಸ, ಗೋಪುರದ ಎರಕದ ಮೈ ಒರಟು, ಬೆಸುಗೆಯ ಗೆರೆಗಳು ದಪ್ಪ. ಕುಂಚದ ತೆಳುವಾದ ಗೆರೆಗಳು ಅಲ್ಲಿ ಉಳಿದರೆ ಅವು ದೋಷವಾಗಿ ಕಾಣುವುದಿಲ್ಲ. ಟೈಗರ್‌ಗೆ ಇದೇ ಮಾತು ಹೇಳಲಾರೆ.

ಹಕ್ಕಳೆ ಎದ್ದ ಬಣ್ಣ

ಚಿಪ್ಪಿಂಗ್ ಎಂದು ನಾವೆಲ್ಲ ಕರೆಯುವ ಈ ಕೆಲಸಕ್ಕೆ ಮೂರು ವಿಧಾನಗಳು ಬಳಕೆಯಲ್ಲಿವೆ. ಅವುಗಳನ್ನು ಹೋಲಿಸುವ ಮೊದಲು ನಾನು ಎಲ್ಲಿ ನೋಡಿ ಕಲಿತೆ ಎಂಬುದನ್ನು ಹೇಳಬೇಕು. ಅಹಿಲ್ಯಾನಗರದ, ಅಂದರೆ ಹಿಂದಿನ ಅಹಮದ್‌ನಗರದ, ಟ್ಯಾಂಕ್ ವಸ್ತುಸಂಗ್ರಹಾಲಯ 1994ರಿಂದ ಇದೆ. ಹವ್ಯಾಸಿಗಳು ಒಮ್ಮೆ ಹೋಗಿಬರಲೇಬೇಕಾದ ಜಾಗ. ಆದರೆ ಅಲ್ಲಿ ನಾನು ಟ್ಯಾಂಕುಗಳನ್ನು ಹೊರಗಿನಿಂದ ನೋಡಿದೆನೇ ಹೊರತು ಒಳಹೊಕ್ಕು ನೋಡಲು ಆಗಲಿಲ್ಲ. ಬೇರೆ ದೇಶಗಳಲ್ಲಿ ಸ್ಮಾರಕವಾಗಿ ಬಯಲಲ್ಲಿ ನಿಂತ ಟಿ-34ಗಳ ಒಳಚಿತ್ರಗಳು ಬೇಕಾದಷ್ಟು ಸಿಗುತ್ತವೆ, ಆದರೆ ಅವು ದಾರಿ ತಪ್ಪಿಸುತ್ತವೆ. ದಶಕಗಳ ಕಾಲ ಮಳೆ ಸೋರಿ ತುಕ್ಕು ತಿಂದ ಗೋಡೆ 1944ರ ಗೋಡೆಯಲ್ಲ.

ನನಗೆ ಪಾಠ ಸಿಕ್ಕಿದ್ದು ಯಶವಂತಪುರದ ಕಡೆ ರಿಪೇರಿಗೆ ನಿಂತಿದ್ದ ಒಂದು ಹಳೆಯ ಲಾರಿಯ ಕ್ಯಾಬಿನ್ನಿನಲ್ಲಿ. ಕ್ಲಚ್ ಪೆಡಲಿನ ಮುಂದೆ, ಹಿಮ್ಮಡಿ ಊರುವ ಜಾಗದಲ್ಲಿ, ಅಂಗೈಯಷ್ಟು ಅಗಲಕ್ಕೆ ಬಣ್ಣವೆಲ್ಲ ಹೋಗಿ ತಗಡು ಬೆಳ್ಳಿಯ ಬಟ್ಟಲಿನ ತಳದಂತೆ ಹೊಳೆಯುತ್ತಿತ್ತು. ಅಲ್ಲಿಂದ ಒಂದು ಗೇಣು ಆಚೆಗೆ ಬಣ್ಣ ಹೊಸದರಂತೆಯೇ ಉಳಿದಿತ್ತು, ಆದರೆ ಅದರ ಮೇಲೆ ತುಳಿದು ತುಳಿದು ಮಣ್ಣು ಹಪ್ಪಳದಂತೆ ಗಟ್ಟಿಯಾಗಿತ್ತು. ಗೇರಿನ ಬುಡದ ರಬ್ಬರ್ ಮಡಿಕೆಗಳಲ್ಲಿ ಧೂಳು ಎಣ್ಣೆಯೊಂದಿಗೆ ಸೇರಿ ಕಪ್ಪು ಕಾಡಿಗೆಯಾಗಿತ್ತು. ಬಾಗಿಲಿನ ಹಿಡಿಯ ಸುತ್ತ ಬಣ್ಣ ಸವೆದಿರಲಿಲ್ಲ, ಬೆವರು ಮತ್ತು ಗ್ರೀಸಿನ ಕಂದು ಜಿಡ್ಡು ಮಾತ್ರ ಕೂತಿತ್ತು. ತುಕ್ಕು ಇದ್ದದ್ದು ಒಂದೇ ಕಡೆ, ಗಾಜಿನ ಕೆಳಗೆ ನೀರು ಸೋರುವ ಮೂಲೆಯಲ್ಲಿ. ಅದನ್ನು ನೋಡಿದ ಮೇಲೆ ಚಿಪ್ಪಿಂಗನ್ನು ಇಡೀ ಗೋಡೆಗೆ ಸಮನಾಗಿ ಚೆಲ್ಲುವುದನ್ನು ಬಿಟ್ಟೆ.

ಹೇರ್‌ಸ್ಪ್ರೇ ವಿಧಾನದಲ್ಲಿ ಕೆಂಗಂದು ಅಥವಾ ಉಕ್ಕಿನ ಬಣ್ಣದ ಮೇಲೆ ಹೇರ್‌ಸ್ಪ್ರೇಯ ಎರಡು ತೆಳು ಪದರ ಹಾಕಿ, ಒಣಗಿದ ಮೇಲೆ ಬಿಳಿಯನ್ನು ಹಚ್ಚಿ, ಒಂದು ಗಂಟೆಯೊಳಗೆ ನೀರು ತೇವಿಸಿ ಗಿಡ್ಡ ಕೂದಲಿನ ಕುಂಚದಿಂದ ಉಜ್ಜುತ್ತಾರೆ. ಕೆಳಗಿನ ಹೇರ್‌ಸ್ಪ್ರೇ ನೀರಿಗೆ ಕರಗಿ ಬಿಳಿ ತಾನಾಗಿ ಏಳುತ್ತದೆ. ಸಹಜವಾದ ಸವೆತಕ್ಕೆ ಇದನ್ನು ಮೀರಿದ್ದಿಲ್ಲ. ಗುಂಡಿನ ಪೆಟ್ಟಿಗೆಗಳ ಮುಚ್ಚಳ, ಚಾಲಕನ ಪಾದದಡಿಯ ನೆಲ, ಹ್ಯಾಚಿನ ಕೆಳಗಿನ ಅಂಚು ಇವು ಇದಕ್ಕೆ ತಕ್ಕ ಜಾಗಗಳು. ತಳದ ಬಣ್ಣ ಲ್ಯಾಕರ್ ಆಗಿದ್ದರೆ ನೀರಿಗೆ ಅದು ಜಗ್ಗುವುದಿಲ್ಲ, ಮೇಲಿನ ಬಿಳಿ ಟಾಮಿಯಾದ್ದಾಗಿದ್ದರೆ ಪುಡಿಪುಡಿಯಾಗಿ ಏಳುತ್ತದೆ. ವಲೆಹೋ ಆದರೆ ದೊಡ್ಡ ಸಿಪ್ಪೆಯಾಗಿ ಕಿತ್ತು ಬರುವ ಅಪಾಯವಿದೆ. ತೊಂದರೆ ಇನ್ನೊಂದಿದೆ: ಕೆಂಗಂದಿನ ಮೇಲೆ ಬಿಳಿ ಮುಚ್ಚಿಕೊಳ್ಳಲು ಹಲವು ಲೇಪ ಬೇಕು, ಲೇಪ ದಪ್ಪವಾದಷ್ಟೂ ಹಕ್ಕಳೆಯ ಅಂಚು ಎತ್ತರವಾಗಿ ಅಳತೆ ಕೆಡುತ್ತದೆ. ಹಾಗಾಗಿ ನಾನು ಗೋಡೆಗೆ ತಿಳಿಬೂದು ಪ್ರೈಮರ್ ಹಾಕಿ, ನೆಲ ಮತ್ತು ಪೆಟ್ಟಿಗೆಗಳಿಗೆ ಮಾತ್ರ ಕೆಂಗಂದು ಮತ್ತು ಹೇರ್‌ಸ್ಪ್ರೇ ಬಳಸುತ್ತೇನೆ.

ಸ್ಪಂಜಿನ ವಿಧಾನ ಬೇಗ ಕೈಗೆ ಹತ್ತುತ್ತದೆ. ಪಾತ್ರೆ ತೊಳೆಯುವ ಸ್ಪಂಜಿನ ಹರಿದ ಚೂರನ್ನು ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಒಣಗಿಸಿ, ಉಳಿದದ್ದನ್ನು ಅಂಚಿಗೆ ತಾಗಿಸಿದರೆ ಆಯಿತು. ಆದರೆ 1:35ರಲ್ಲಿ ಒಂದು ಮಿ.ಮೀ. ಚುಕ್ಕೆ ಎಂದರೆ ನಿಜದಲ್ಲಿ ಮೂರೂವರೆ ಸೆಂಟಿಮೀಟರು. ಹೊರಗಿನ ಹಸಿರಿನ ಮೇಲೆ ಕಡುಗಂದು ಚುಕ್ಕೆ ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ, ಬಿಳಿಯ ಮೇಲಾದರೆ ಸಿಡುಬಿನ ಕಲೆಯಂತೆ ಎದ್ದು ನಿಲ್ಲುತ್ತದೆ. ಒಳಾಂಗಣದ ಬಿಳಿಗೆ ಸ್ಪಂಜನ್ನು ನಾನು ಬೇಡವೆಂದೇ ಹೇಳುತ್ತೇನೆ.

ಮೂರನೆಯದು ತೆಳು ಕುಂಚ. ತಾಳ್ಮೆ ಬೇಡುತ್ತದೆ, ಆದರೆ ಯಾವ ಗೀರು ಎಲ್ಲಿ ಎಂಬುದು ಪೂರ್ತಿ ನಮ್ಮ ಕೈಯಲ್ಲಿರುತ್ತದೆ. ಗೋಪುರದ ಬಲಭಾಗದಲ್ಲಿ, ಗುಂಡು ತುಂಬುವವನ ಕಡೆ, ಗುಂಡುಗಳ ಆಸರೆಯ ಅಂಚಿಗೆ ನಾಲ್ಕೈದು ಗೀರುಗಳನ್ನು ಎಳೆದು, ಮಿಕ್ಕ ಗೋಡೆಯನ್ನು ಮುಟ್ಟದೆ ಬಿಟ್ಟುನೋಡಿ. ಅಲ್ಲೊಬ್ಬ ಮನುಷ್ಯ ಕೆಲಸ ಮಾಡುತ್ತಿದ್ದ ಎಂಬುದು ತಟ್ಟನೆ ತಿಳಿಯುತ್ತದೆ. ಹೊಳೆಯುವ ಲೋಹಕ್ಕೆ ಬೆಳ್ಳಿಬಣ್ಣಕ್ಕಿಂತ ಪೆನ್ಸಿಲ್ ಸೀಸದ ಪುಡಿಯನ್ನು ಬೆರಳ ತುದಿಯಿಂದ ಉಜ್ಜುವುದು ಮೇಲು. ಪೆಡಲುಗಳು, ಚಾಲಕನ ಎರಡು ಸನ್ನೆಗೋಲುಗಳ ಹಿಡಿ, ತೋಪಿನ ಹಿಂಬಾಗಿಲಿನ ಸುತ್ತ ಇಷ್ಟು ಜಾಗಕ್ಕೆ ಅದು ಸಾಕು.

ವಾಶ್: ಎನಾಮೆಲ್, ಎಣ್ಣೆಬಣ್ಣ, ಅಕ್ರಿಲಿಕ್

ಒಳಮೈಗೆ ಜೀವ ಬರುವುದು ಈ ಹಂತದಲ್ಲಿ, ಕೆಡುವುದೂ ಇಲ್ಲಿಯೇ. ಬಿಳಿಯ ಮೇಲೆ ಕಪ್ಪು ವಾಶ್ ಹರಿಸುವುದು ಮೊದಲ ತಪ್ಪು. ಮೂಲೆಗಳು ಕಾರ್ಟೂನಿನ ಗೆರೆಗಳಂತೆ ಕಾಣುತ್ತವೆ. ಸೋವಿಯತ್ ಬಿಳಿಗೆ ಬೂದು ಬೆರೆತ ಕಂದು, ಜರ್ಮನ್ ಕೆನೆಗೆ ಬೆಚ್ಚನೆಯ ಕಂದು, ಎಂಜಿನ್ನಿಗೆ ಮಾತ್ರ ಕಪ್ಪಿಗೆ ಹತ್ತಿರದ ಕಂದು ಎಂಬ ಲೆಕ್ಕ ನನ್ನದು.

ಎನಾಮೆಲ್ ವಾಶ್ ಮೂಲೆಗೆ ತಾನಾಗಿ ಓಡುತ್ತದೆ. ಕುಂಚದ ತುದಿ ತಾಗಿಸಿದರೆ ಸಾಕು, ಬೋಲ್ಟಿನ ಸುತ್ತ, ಬೆಸುಗೆಯ ಉದ್ದಕ್ಕೆ ಹರಿದುಹೋಗುತ್ತದೆ. ತಪ್ಪಾದರೆ ಅರ್ಧ ಗಂಟೆಯ ನಂತರವೂ ಥಿನ್ನರಿನಲ್ಲಿ ತೇವಿಸಿದ ಕುಂಚದಿಂದ ಒರೆಸಬಹುದು. ಅದರ ಅಪಾಯವನ್ನು ನಾನು ಕೈಯಾರೆ ಅನುಭವಿಸಿದ್ದೇನೆ. ನನ್ನ ಮೊದಲ ಟಿ-34ರಲ್ಲಿ ನೆಲಕ್ಕೆಲ್ಲ ಧಾರಾಳವಾಗಿ ವಾಶ್ ಸುರಿದು, ಹೊಟ್ಟೆಯನ್ನು ಹಾಗೆಯೇ ಮಟ್ಟಸವಾಗಿಟ್ಟು ಮಲಗಿದೆ. ಬೆಳಗ್ಗೆ ನೋಡುವಾಗ ನೆಲ ಮತ್ತು ಎಡಗೋಡೆಯ ಸಂದಿ ಒಂದು ಇಂಚಿನಷ್ಟು ಬಾಯಿಬಿಟ್ಟಿತ್ತು, ಸ್ಪ್ರಿಂಗಿನ ಪೆಟ್ಟಿಗೆಯೊಂದು ಕೈ ತಾಗಿದೊಡನೆ ಬಿಸ್ಕತ್ತಿನಂತೆ ಮುರಿಯಿತು. ಬಣ್ಣ ತಲುಪದ ಸಂದಿಗಳಲ್ಲಿ, ಅಂಟಿನ ಬಿಗಿತಕ್ಕೆ ಒಳಗಾದ ಬರಿಯ ಪ್ಲಾಸ್ಟಿಕ್ಕಿಗೆ ಥಿನ್ನರ್ ಇಳಿದರೆ ಹೀಗಾಗುತ್ತದೆ. ಒಳಾಂಗಣ ಬಟ್ಟಲಿನಂತಿರುವುದರಿಂದ ಥಿನ್ನರ್ ಅಲ್ಲಿ ಮಡುಗಟ್ಟುತ್ತದೆ, ಹೊರಮೈಯಲ್ಲಿ ಹರಿದು ಆವಿಯಾದಂತೆ ಇಲ್ಲಿ ಆಗುವುದಿಲ್ಲ. ಈಗ ಸಂದಿಗಳಿಗೆ ಮೊದಲು ವಾರ್ನಿಷ್ ಹಚ್ಚಿ, ವಾಶನ್ನು ಹನಿಹನಿಯಾಗಿ ಇಟ್ಟು, ಮಡುಗಟ್ಟಿದ್ದನ್ನು ಒಣ ಕುಂಚದಿಂದ ಹೀರಿ ತೆಗೆಯುತ್ತೇನೆ.

ಎಣ್ಣೆಬಣ್ಣ ಹರಿಯುವುದರಲ್ಲಿ ಎನಾಮೆಲ್‌ಗಿಂತ ಹಿಂದೆ, ಹದವಾಗಿ ಮಾಸಿಸುವುದರಲ್ಲಿ ಬಹಳ ಮುಂದೆ. ಪುಸ್ತಕದಂಗಡಿಯಲ್ಲಿ ಸಿಗುವ ಕ್ಯಾಮೆಲ್ ಎಣ್ಣೆಬಣ್ಣದ ಬರ್ಂಟ್ ಅಂಬರ್ ಟ್ಯೂಬ್ ಒಂದಿದ್ದರೆ ಹತ್ತು ಟ್ಯಾಂಕುಗಳಿಗೆ ಸಾಕು. ರಟ್ಟಿನ ಚೂರಿನ ಮೇಲೆ ಹಿಂಡಿ ಒಂದೆರಡು ಗಂಟೆ ಬಿಟ್ಟರೆ ಹೆಚ್ಚಿನ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ, ಆಮೇಲೆ ಅದು ಹೊಳಪಿಲ್ಲದೆ ಒಣಗುತ್ತದೆ. ಕಮಾಂಡರನ ಭುಜ ಒರಗುವ ಗೋಡೆಗೆ, ಸೀಟಿನ ಹಿಂದೆ, ಹ್ಯಾಚಿನ ಹಿಡಿಯ ಸುತ್ತ ಸಾಸಿವೆ ಕಾಳಿನಷ್ಟು ಬಣ್ಣ ಇಟ್ಟು, ತೇವ ಆರಿದ ಕುಂಚದಿಂದ ಸುತ್ತಲೂ ತಟ್ಟುತ್ತ ಹೋದರೆ ಲಾರಿಯ ಬಾಗಿಲಿನಲ್ಲಿ ಕಂಡ ಆ ಕಂದು ಜಿಡ್ಡು ಹಾಗೇ ಮೂಡಿಬರುತ್ತದೆ. ಒಂದೇ ಒಂದು ವಿಧಾನವನ್ನು ಕಲಿಯಲು ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಒಣಗಲು ಕೆಲವು ದಿನ ಕಾಯಬೇಕು, ಅಷ್ಟೇ ಅದರ ಬೆಲೆ.

ಅಕ್ರಿಲಿಕ್ ವಾಶ್ ಬಹಳ ಬೇಗ ಆರುತ್ತದೆ, ಅಂಚಿನಲ್ಲಿ ಚಹಾ ಚೆಲ್ಲಿದ ಉಂಗುರದಂಥ ಕಲೆ ಬಿಡುತ್ತದೆ, ಅದನ್ನು ಅಳಿಸಲಾಗುವುದಿಲ್ಲ. ಸೀಟಿನ ಮೆತ್ತೆ, ಕ್ಯಾನ್ವಾಸ್ ಚೀಲಗಳಂಥ ಮಡಿಕೆಗಳಿರುವ ಚಿಕ್ಕ ಭಾಗಗಳಿಗೆ ಮಾತ್ರ ಬಳಸಬಹುದು.

ನೆಲದ ಮಣ್ಣು

ಒಣಮಣ್ಣಿಗೆ ಪಿಗ್ಮೆಂಟ್ ಪುಡಿ ಅಥವಾ ಸಾಫ್ಟ್ ಪ್ಯಾಸ್ಟೆಲ್ ಕಡ್ಡಿಯನ್ನು ಬ್ಲೇಡಿನಿಂದ ಕೆರೆದ ಪುಡಿ, ಎರಡೂ ಆಗುತ್ತವೆ. ಪಿಗ್ಮೆಂಟ್ ಇನ್ನೂ ನುಣ್ಣಗಿದ್ದು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಪ್ಯಾಸ್ಟೆಲ್ ಅಗ್ಗ, ಆದರೆ ಥಿನ್ನರ್ ತಾಗಿಸಿದಾಗ ಬಣ್ಣ ಮಂಕಾಗಿ ಅರ್ಧ ಮಾಯವಾಗುತ್ತದೆ. ಒಳಗೆ ಇದು ನೆಲದ ಮಟ್ಟವನ್ನು ಬಿಟ್ಟು ಮೇಲೇರಬಾರದು. ಚಾಲಕ ಮುಂಭಾಗದ ಹ್ಯಾಚಿನಿಂದ ಬೂಟಿನ ಸಮೇತ ಇಳಿಯುತ್ತಿದ್ದ, ಆದ್ದರಿಂದ ಕೆಸರು ಹೆಚ್ಚಿರಬೇಕಾದದ್ದು ಅವನ ಪಾದದ ಬಳಿ. ಗೋಪುರದಿಂದ ಇಳಿಯುವವರ ಬೂಟು ಮೊದಲು ಸೀಟಿನ ಮೆತ್ತೆಗೆ ತಾಗುತ್ತದೆ, ಅದರ ಮೇಲೊಂದು ಮಾಸಲು ಹೆಜ್ಜೆಗುರುತು ಇದ್ದರೆ ಒಳ್ಳೆಯದು. ಪಿಗ್ಮೆಂಟನ್ನು ಒಣದಾಗಿಯೇ ಹಚ್ಚಿ, ಮೂಲೆಗಳಿಗೆ ಮಾತ್ರ ಹನಿ ಥಿನ್ನರ್ ಇಟ್ಟು ಕೂರಿಸಿ, ನಡುವಿನಲ್ಲಿ ಬೆರಳಿನಿಂದ ಒರೆಸಿಬಿಡಿ. ತುಳಿದ ಜಾಗ ನಯವಾಗಿ, ತುಳಿಯದ ಜಾಗ ಮಣ್ಣಾಗಿ ಉಳಿಯುತ್ತದೆ. ಅಕ್ರಿಲಿಕ್ ಕೆಸರಿನ ಪೇಸ್ಟುಗಳು ಹೊರಗಿನ ಚಕ್ರಗಳಿಗೆ ಸರಿ, ಒಳಗೆ ಅವುಗಳ ಹರಳು ಕಲ್ಲುಗುಂಡಿನಷ್ಟು ದಪ್ಪವಾಗಿ ಕಾಣುತ್ತದೆ.

ಹೊಳಪು, ಕೊನೆಗೆ ಮುಚ್ಚಳ

ಎಲ್ಲದರ ಮೇಲೂ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹಾಕುವ ಅಭ್ಯಾಸ ಒಳಮೈಯನ್ನು ಸುಣ್ಣ ಬಳಿದ ಗೋಡೆಯಂತೆ ಮಾಡುತ್ತದೆ. ಗೋಡೆಗಳಿಗೆ ಅರೆಹೊಳಪಿನ ಸ್ಯಾಟಿನ್, ರಬ್ಬರ್ ಹಾಸಿನ ಮೇಲೆ ಪೂರ್ತಿ ಮ್ಯಾಟ್, ಎಂಜಿನಿನ ಕೆಳಗೆ ಚೆಲ್ಲಿದ ಎಣ್ಣೆಗೆ ಹೊಳಪಿನ ವಾರ್ನಿಷ್ಷಿನಲ್ಲಿ ಕಲಸಿದ ಕಡುಗಂದು ಎಂದು ಮೂರನ್ನೂ ಬೇರೆಬೇರೆಯಾಗಿ ಕುಂಚದಲ್ಲೇ ಹಚ್ಚಬೇಕು. ಪಿಗ್ಮೆಂಟಿನ ಮೇಲೆ ವಾರ್ನಿಷ್ ಊದಬೇಡಿ, ಅದು ಮಂಕಾಗಿ ಮಾಯವಾಗುತ್ತದೆ.

ಕೊನೆಯ ಆಯ್ಕೆ ಮೇಲ್ಮುಚ್ಚಳವನ್ನು ಅಂಟಿಸುವುದೋ ಬಿಡುವುದೋ ಎಂಬುದು. ಅಂಟಿಸಿದರೆ ಹೊರಮೈಯ ಬೆಸುಗೆ ಗೆರೆ ಸರಿಯಾಗಿ ಕೂಡುತ್ತದೆ, ಆದರೆ ಹೊರಮೈಗೆ ಬಣ್ಣ ಊದುವಾಗ ಪ್ರತಿ ಕಿಂಡಿಯನ್ನೂ ತೇವದ ಟಿಶ್ಯೂ ಕಾಗದದಿಂದ ತುಂಬಬೇಕು, ಒಂದು ಬಿಟ್ಟುಹೋದರೂ ಬಿಳಿಯ ಗೋಡೆಗೆ ಹಸಿರು ಮಂಜು ಕವಿಯುತ್ತದೆ. ಬಿಟ್ಟರೆ ಒಳಾಂಗಣವನ್ನು ತೆಗೆದು ತೋರಿಸಬಹುದು, ಸಂದಿ ಮಾತ್ರ ಕಾಣುತ್ತದೆ. ನಾನು ಎರಡರ ನಡುವಿನ ದಾರಿ ಹಿಡಿದಿದ್ದೇನೆ. ಮುಂಭಾಗದ ಮುಚ್ಚಳವನ್ನು ಅಂಟಿಸಿ, ಎಂಜಿನ್ ಮೇಲಿನ ತಟ್ಟೆಯನ್ನು ಬಿಡಿಯಾಗಿಟ್ಟಿದ್ದೇನೆ. ನಿಜದ ಟ್ಯಾಂಕಿನಲ್ಲೂ ಅದು ಬೋಲ್ಟು ಬಿಚ್ಚಿ ತೆಗೆಯುವ ಭಾಗವೇ ಆದ್ದರಿಂದ ಅಲ್ಲಿನ ಸಂದಿ ಕಣ್ಣಿಗೆ ಹೊಡೆಯುವುದಿಲ್ಲ. ಗೋಪುರ ಹೇಗೂ ತಿರುಗಿಸಿ ಎತ್ತಲು ಬರುತ್ತದೆ. ಅಂಟು ಹಾಕುವ ಮುನ್ನ ಟಾರ್ಚ್ ಹಿಡಿದು ಪ್ರತಿ ಹ್ಯಾಚಿನಿಂದಲೂ ಒಮ್ಮೆ ಇಣುಕಿ ನೋಡಿ. ಬಣ್ಣ ಹತ್ತದೆ ಉಳಿದ ಪ್ಲಾಸ್ಟಿಕ್ಕಿನ ಮೂಲೆ ಒಂದಾದರೂ ಅಲ್ಲಿ ಸಿಕ್ಕೇ ಸಿಗುತ್ತದೆ, ಅದಕ್ಕೆ ಕುಂಚ ತಲುಪುವುದು ಆ ಹೊತ್ತಿನವರೆಗೆ ಮಾತ್ರ.